ರವಿವಾರದ ಡಾಕ್ಟರು

ಮೊನ್ನೆ ಟ್ರಂಕು ಕೊಡವುವಾಗ ಗಾಯ ಹೊಲಿಯುವ ಕಪ್ಪು ರೇಷ್ಮೆದಾರದ ಒಂದು ಉಂಡೆ ಸಿಕ್ಕಿತು. ಮೂಸಿ ನೋಡಿದೆ. ಅದರ ಸ್ಪಿರಿಟ್ಟಿನ ವಾಸನೆ ಯಾವಾಗಲೋ ಆರಿಹೋಗಿರಬೇಕು, ಆದರೂ ನನಗೆ ಬಂತು…

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಖಾನಾಪುರದ ಆಸ್ಪತ್ರೆಗೆ ಹೊಸ ಲೇಡಿ ಡಾಕ್ಟರಾಗಿ ಬಂದಿದ್ದೆ. ಹೊಟ್ಟೆ ಕೊಯ್ಯುವ ಕೆಲಸವಿದ್ದರೆ ರೋಗಿಯನ್ನು ಬೆಳಗಾವಿಗೆ ಸಾಗಹಾಕುತ್ತಿದ್ದೆವು. ಕೆಲವರು ದಾರಿಯಲ್ಲೇ ತೀರಿಕೊಳ್ಳುತ್ತಿದ್ದರು. ಅದು ತಪ್ಪಲೆಂದು ಬೆಳಗಾವಿಯ ಹಿರಿಯ ಸರ್ಜನ್ ಒಬ್ಬರು, ಯಾರೂ ಹೇಳದಿದ್ದರೂ, ರವಿವಾರ ರೈಲು ಹತ್ತಿ ಬಂದು ನನಗೆ ಕಲಿಸುತ್ತಿದ್ದರು. ನನಗವರು ಬರೀ 'ಸರ್'. ವಾರವಿಡೀ ಕಿಟಕಿಯ ಸರಳಿಗೆ ಕಣ್ಣು ಮುಚ್ಚಿ ದಾರದ ಗಂಟು ಹಾಕಬೇಕೆಂದು ಅವರ ಅಪ್ಪಣೆ.

"ಬಾಯಾರ, ಕಿಟಕಿ ಗುಣಾ ಆತೇನ್ರಿ?" ಎಂದು ಕಂಪೌಂಡರ್ ಕಾಡಿಸುತ್ತಿದ್ದ.

ಸರ್ ಒಂದೊಂದೇ ಗಂಟು ಎಳೆದು ನೋಡುತ್ತಿದ್ದರು. ಜಾರಿದರೆ ಬೈಗುಳ. ಅವರ ಮೇಲೆ ಸಿಟ್ಟು ಬರುತ್ತಿತ್ತು. ರವಿವಾರ ಯಾವಾಗ ಬಂದೀತೋ ಎಂದೂ ಅನಿಸುತ್ತಿತ್ತು.

ಒಂದು ರವಿವಾರ ರೈಲು ತಡವಾಯಿತು. ಅದೇ ಹೊತ್ತಿಗೆ ಕುರಿ ಕಾಯುವವನೊಬ್ಬನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ತಂದರು. ತೊಡೆಸಂದಿಯ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿತ್ತು.

"ದೊಡ್ಡ ಡಾಕ್ಟರು ಬರೂತನಕ ತಡೀರಿ ಬಾಯಾರ," ಎಂದಳು ಅವನ ಹೆಂಡತಿ.

"ತಡದ್ರ ಇಂವ ಉಳಿಯೂದಿಲ್ಲವ್ವಾ," ಎಂದೆ.

ಕೊಯ್ದು ನೋಡಿದರೆ ಕರುಳು ಕಪ್ಪಗಾಗಿತ್ತು. ಬಿಗಿ ಬಿಡಿಸಿದೆ. ಕತ್ತರಿಸಿ ತೆಗೆಯುವುದೋ, ಉಳಿಸುವುದೋ… ಬಾಗಿಲ ಕಡೆ ನೋಡಿದೆ, ಯಾರೂ ಇಲ್ಲ. ಸರ್ ಕಲಿಸಿದ್ದಂತೆ ಬಿಸಿ ಉಪ್ಪುನೀರಿನ ಬಟ್ಟೆ ಸುತ್ತಿ ಕಾದೆ. ನಿಧಾನಕ್ಕೆ ಕರುಳಿಗೆ ಕೆಂಪು ಬಣ್ಣ ಮರಳಿತು.

ಹೊಲಿಗೆ ಮುಗಿಸಿ ಹೊರಗೆ ಬಂದರೆ ಬೆಂಚಿನ ಮೇಲೆ ಸರ್. ಆಪರೇಶನ್ನಿಗೆಂದು ತೊಳೆದ ಕೈಗಳನ್ನು ಮೇಲೆತ್ತಿಕೊಂಡು, ಏನನ್ನೂ ಮುಟ್ಟದೆ ಕೂತಿದ್ದರು.

"ಒಳಗ ಯಾಕ ಬರಲಿಲ್ಲ ಸರ್?"

"ಬಂದಿದ್ರ ನೀ ಕರುಳ ಬಿಟ್ಟು ನನ್ನ ಮಾರಿ ನೋಡ್ತಿದ್ದಿ. ಕರದಿದ್ರ ಬರತಿದ್ದೆ."

ಕುರಿಗಾರ ಗುಣವಾಗಿ ನಡೆದುಕೊಂಡೇ ಮನೆಗೆ ಹೋದ. ಮುಂದಿನ ರವಿವಾರ ಸರ್‌ಗೆಂದು ಅವಲಕ್ಕಿ ಒಗ್ಗರಣೆ ಹಾಕಿ ಕಾದೆ. ರೈಲು ಬಂತು, ಅವರು ಇಳಿಯದೆ ಲೋಂಡಾಕ್ಕೆ ಹೋದರಂತೆ. ಅಲ್ಲೊಬ್ಬ ಹೊಸ ಡಾಕ್ಟರ್ ಬಂದಿದ್ದ. ಆಮೇಲೆ ಖಾನಾಪುರದಲ್ಲಿ ಅವರು ಇಳಿಯಲೇ ಇಲ್ಲ. ಎಂಬತ್ತರ ದಶಕ ಮುಗಿಯುವ ಮೊದಲೇ ತೀರಿಕೊಂಡರು.

ಮೊನ್ನೆ ಆ ದಾರದಿಂದ ನಮ್ಮ ಮನೆಯ ಕಿಟಕಿಗೆ ಒಂದು ಗಂಟು ಹಾಕಿ ಎಳೆದೆ. ಜಾರಲಿಲ್ಲ. ಆ ದಿನಗಳಲ್ಲಿ ಇನ್ನೊಂದಿಷ್ಟು ಗಂಟು ಜಾರಿದ್ದರೆ ಇನ್ನೊಂದಿಷ್ಟು ರವಿವಾರ ಅವರು ಬರುತ್ತಿದ್ದರು.