ಲಾಲಸಾಬರ ಬಂಗಾರ ಎಲ್ಲಿಯದು

ಲಾಲಸಾಬರ ಅಂಗಿಗೆ ಕಿಸೆ ಇರುತ್ತಿರಲಿಲ್ಲ. ಹರಿದು ಹೋದದ್ದಲ್ಲ, ಬಟ್ಟೆ ಕೊಡುವಾಗಲೇ ದರ್ಜಿಗೆ ತಾಕೀತು ಮಾಡಿ ಹಾಗೆ ಹೊಲಿಸುತ್ತಿದ್ದರು. ತೋಳು ಮೊಣಕೈಗೇ ಮುಗಿಯುತ್ತಿತ್ತು, ಪೈಜಾಮದ ಅಂಚಿಗೆ ಮಡಿಕೆ ಇರಲಿಲ್ಲ. ಬೀಡಿ, ಬೆಂಕಿಪೊಟ್ಟಣ, ಮೊಬೈಲು ಎಲ್ಲ ಒಂದು ಬಟ್ಟೆ ಚೀಲದಲ್ಲಿ, ಆ ಚೀಲ ರಸ್ತೆಯಾಚೆಯ ಬೇವಿನ ಗಿಡದಲ್ಲಿ. ನನ್ನ ಅಂಗಡಿಯ ಕಸ ಗುಡಿಸಿ ಹೊರಗೆ ಬಂದವರೇ ಹೊಸ್ತಿಲ ಮುಂದೆ ನಿಂತು, ಎರಡೂ ಕೈ ಅಗಲಿಸಿ, ಅಂಗಿಯನ್ನು ಪಟಪಟ ಕೊಡವುತ್ತಿದ್ದರು.

"ನಾ ಏನ್ ನಿಮ್ಮ ಮೈ ತಡವಿ ಝಡತಿ ತಗೋತೀನೇನು ಚಾಚಾ?" ಎಂದು ಒಮ್ಮೆ ಕೇಳಿದೆ.

"ನೀ ತಗೋಬ್ಯಾಡೋ ಕಾಳಪ್ಪ. ನಾನ ಕೊಡತೀನಿ," ಅಂದರು.

ನಾನು ಸಿಂಧನೂರಿನ ಸರಾಫ್ ಬಜಾರಿನಲ್ಲಿ ಕೂತ ಪತ್ತಾರ, ಬಂಗಾರದ ಕೆಲಸದವನು. ಅಪ್ಪನ ಅಂಗಡಿ, ಅಪ್ಪನ ಅಡಿಗಲ್ಲು. ಜನ ಈಗ ಗಾಜಿನ ಬಾಗಿಲಿನ ದೊಡ್ಡ ಅಂಗಡಿಗಳಿಗೆ ಹೋಗಿ ಮಶೀನಿನಲ್ಲಿ ಮಾಡಿದ ಒಡವೆ ತರುತ್ತಾರೆ. ಕೊಂಡಿ ಮುರಿದಾಗ ಮಾತ್ರ ನನ್ನ ನೆನಪಾಗುತ್ತದೆ. ಲಾಲಸಾಬರು ಮಸ್ಕಿಯವರು, ಜಲಗಾರರು. ಪತ್ತಾರರ ಅಂಗಡಿಯ ಕಸ, ಕುಲುಮೆಯ ಬೂದಿ, ಮುಂದಿನ ಗಟಾರದ ಹೂಳು ಎಲ್ಲವನ್ನೂ ಒಯ್ದು ಮರಿಗೆಯಲ್ಲಿ ತೊಳೆದು, ಅರದ ಬಾಯಿಂದ ಉದುರಿದ ಬಂಗಾರದ ಪುಡಿಯನ್ನು ಹುಡುಕಿ ತೆಗೆಯುವುದು ಅವರ ಕೆಲಸ. ಅವರಪ್ಪನೂ ಅದನ್ನೇ ಮಾಡಿದ್ದ.

ಮಸ್ಕಿಯಿಂದ ಮೊದಲ ಬಸ್ಸಿಗೆ ಬಂದು, ಅಕ್ಕಿ ಮಿಲ್ಲಿನ ಲಾರಿಗಳು ಬಜಾರಿಗೆ ನುಗ್ಗುವ ಮೊದಲು ಗಟಾರಕ್ಕೆ ಇಳಿಯುತ್ತಿದ್ದರು. ಹೊತ್ತೇರಿದ ಮೇಲೆ ಅವರು ಯಾರಿಗೂ ಬೇಕಿರಲಿಲ್ಲ. ಹೋಟೆಲಿನವನು ಚಹಾವನ್ನು ಹೊರಗೇ ತಂದು ಕೊಡುತ್ತಿದ್ದ, ಮೂಗು ಆಚೆ ತಿರುಗಿಸಿ. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಮಸ್ಕಿಯ ತನಕ ಖಾಲಿ. ಅವರೂ ಕೂಡ ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಮಾತಾಡುವಾಗ ಒಂದು ಮಾರು ದೂರ ನಿಲ್ಲುವುದು ರೂಢಿಯಾಗಿಬಿಟ್ಟಿತ್ತು. ಹೆಂಡತಿ ತೀರಿಕೊಂಡ ಮೇಲೆ, ಮಗಳು ಶಮೀಮಳನ್ನು ಲಿಂಗಸುಗೂರಿಗೆ ಕೊಟ್ಟ ಮೇಲೆ, ಮನೆಯಲ್ಲೂ ಒಬ್ಬರೇ.

ಮಾತಿಗೆ ಮಾತ್ರ ಬಡತನವಿರಲಿಲ್ಲ. ಬಜಾರಿನ ಪತ್ತಾರರಿಗೆಲ್ಲ ಅವರವರ ಕಸ ನೋಡಿ ಮಾರ್ಕು ಕೊಡುತ್ತಿದ್ದರು. ಅವರ ಪರೀಕ್ಷೆಯಲ್ಲಿ ಅಜಾಗರೂಕರೇ ಪಾಸು.

"ನಿಮ್ಮಪ್ಪ ಭಾಳ ದೊಡ್ಡ ಮನುಷ್ಯ. ಕೈ ಸಡ್ಲ. ಅರ ಹಿಡದರ ನೆಲಕ್ಕ ಎಷ್ಟು ಬಿತ್ತು ಅಂತ ತಿರುಗಿ ನೋಡತಿದ್ದಿಲ್ಲ. ಕಸದಾಗ ಬರಕತ್ ಇತ್ತು. ನೀ ಬಿಡಪಾ, ತೊಡಿ ಮ್ಯಾಲೆ ಬಟ್ಟಿ ಹಾಸಿಕೊಂಡು ಕುಂದರತಿ. ನಿನ್ನ ಕಸದಾಗ ಕಸಾನ ಇರತದ."

ನಾನು ನೆಲಕ್ಕೆ ಟೈಲ್ಸ್ ಹಾಕಿಸಿದ ವರ್ಷ ಎರಡು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಹಳೆಯ ಹಾಸುಗಲ್ಲಿನ ಸಂದಿಗಳಲ್ಲಿ ನಮ್ಮ ಮೂರು ತಲೆಮಾರಿನ ಪುಡಿ ಸೇರಿತ್ತಂತೆ. ಕಲ್ಲು ಕಿತ್ತ ಮಣ್ಣನ್ನೆಲ್ಲ ಅವರಿಗೇ ಕೊಡುತ್ತೇನೆ ಅಂದಾಗ ಮುಖ ಅರಳಿತು. ಆ ಮಣ್ಣು ತೊಳೆದು ತೆಗೆದ ಬಂಗಾರದಲ್ಲೇ ಶಮೀಮಳ ಮದುವೆಯ ಝುಮಕಿ ಆದವು. ಮಾಡಿದವನು ನಾನೇ.

ಆ ಮದುವೆಯಲ್ಲೇ ಒಂದು ಮಾತು ಹೀಗೆ ಕೂತುಬಿಟ್ಟಿತು. ಬೀಗರು ಮೌಲಾಸಾಬರದು ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ. ನಿಮ್ಮ ಕೆಲಸ ಏನು ಎಂದು ಯಾರೋ ಕೇಳಿದಾಗ ಲಾಲಸಾಬರು "ಬಂಗಾರದ ಧಂಧೆ" ಅಂದಿದ್ದರು. ಸುಳ್ಳಲ್ಲವಲ್ಲ. ಆದರೆ ಆಮೇಲೆ ಆ ಮಾತನ್ನು ಸಾಕುವುದೇ ಅವರಿಗೆ ಒಂದು ಕೆಲಸವಾಯಿತು. ಲಿಂಗಸುಗೂರಿಗೆ ಹೋಗಲೆಂದೇ ಬೇರೆ ಅಂಗಿ ಹೊಲಿಸಿದ್ದರು, ಅದಕ್ಕೆ ಎರಡು ಕಿಸೆ. ಅಂದು ಗಟಾರಕ್ಕೆ ಇಳಿಯುತ್ತಿರಲಿಲ್ಲ. ಎರಡು ಸಲ ಸ್ನಾನ, ಕಿವಿಯಲ್ಲಿ ಅತ್ತರಿನ ಅರಳೆ. ಪುಡಿ ಶುದ್ಧ ಮಾಡುವ ಆಸಿಡ್ ತಿಂದು ಕಪ್ಪಾದ ಉಗುರು ಕಾಣದ ಹಾಗೆ ಕೈಯನ್ನು ಕಿಸೆಯಲ್ಲಿಟ್ಟುಕೊಂಡೇ ಬೀಗರ ಮನೆಯಲ್ಲಿ ಕೂರುತ್ತಿದ್ದರು. ಊಟಕ್ಕೆ ಎಬ್ಬಿಸಿದರೆ ಹೊಟ್ಟೆ ಸರಿಯಿಲ್ಲ ಅನ್ನುವುದು. ಮಗಳಿಗೆ ಎಲ್ಲ ಗೊತ್ತು; ಅವಳು ತಟ್ಟೆಗೆ ಚಮಚ ಹಾಕಿ ಒಳಕೋಣೆಗೆ ಒಯ್ದು ಕೊಡುತ್ತಿದ್ದಳಂತೆ. ತಿಂಗಳಿಗೊಮ್ಮೆ ಹೀಗೆ ಹೋಗಿ ಬಂದದ್ದನ್ನು ಉಳಿದ ದಿನವೆಲ್ಲ ನನಗೆ ಹೇಳುವರು. ಅವರಿಗಿದ್ದ ಸುಖ ಅದೊಂದೇ.

ತೊಳೆದು ತೆಗೆದ ಬಂಗಾರವನ್ನು ಲಾಲಸಾಬರು ಕೊಡುತ್ತಿದ್ದದ್ದು ಲಿಂಗಸುಗೂರಿನ ಒಬ್ಬ ಸೇಠರಿಗೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರಿನ ಪತ್ತಾರರ ಅರದ ಪುಡಿ ಕೂಡ ಅವರಿಗೇ. ಅವರು ಎಲ್ಲವನ್ನೂ ಕರಗಿಸಿ ಗಟ್ಟಿ ಮಾಡಿ ಎಲ್ಲೋ ದೂರದ ಶುದ್ಧೀಕರಣ ಕಾರ್ಖಾನೆಗೆ ಕಳಿಸುವರು. ಒಂದು ದಿನ ಸೇಠರು ಫೋನು ಮಾಡಿ, ಕಾರ್ಖಾನೆಯಿಂದ ಒಬ್ಬ ಮೇಡಂ ಬರುತ್ತಾರೆ, ಬಂಗಾರ ಕೊಡುವವರೆಲ್ಲ ಬಂದು ಅವರ ಮುಂದೆ ಹೇಳಿಕೆ ಕೊಡಬೇಕು ಅಂದರು. ನಾನೂ ಲಾಲಸಾಬರೂ ಕೂಡಿಯೇ ಹೋದೆವು. ಲಿಂಗಸುಗೂರಾದ್ದರಿಂದ ಅವರು ಕಿಸೆಯ ಅಂಗಿಯಲ್ಲಿದ್ದರು.

ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. "ನಿಮ್ಮ ಒಂದೊಂದು ಫೋನಿನ ಒಳಗೂ ಚೂರು ಬಂಗಾರ ಇರುತ್ತೆ," ಎಂದು ನಮಗೆ ತಿಳಿಸಿದರು. "ಕೆಲವು ದೇಶಗಳಲ್ಲಿ ಗಣಿಗಳು ಬಂದೂಕು ಹಿಡಿದವರ ಕೈಯಲ್ಲಿವೆ. ಜನರನ್ನ ಹೊಡೆದು ಬಡಿದು ಅಗೆಸ್ತಾರೆ, ಆ ದುಡ್ಡಲ್ಲಿ ಮತ್ತೆ ಬಂದೂಕು ತರ್ತಾರೆ. ಅಂಥ ಬಂಗಾರ ಒಳಗೆ ಬರಬಾರದು ಅಂತ ಫೋನ್ ಮಾಡೋ ಕಂಪನಿ ನಮ್ಮ ಕಾರ್ಖಾನೆನ ಕೇಳುತ್ತೆ, ನಾವು ಸೇಠರನ್ನ ಕೇಳ್ತೀವಿ, ಸೇಠರು ನಿಮ್ಮನ್ನ."

ಸೇಠರು ಒಳಗೆ ಕುಲುಮೆಯ ಮುಂದಿದ್ದರು. ಮೊದಲು ನನ್ನ ಸರದಿ. ಹಳೆಯ ಒಡವೆ ಮುರಿದದ್ದು, ಅರದ ಪುಡಿ ಅಂದೆ. ಮೇಡಂ ತಲೆಯಾಡಿಸಿ ತಮ್ಮ ಫೋನಿನಲ್ಲಿ ನನ್ನ ಮಾತು ಹಿಡಿದುಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಮೌಲಾಸಾಬರು. ಲಾಲಸಾಬರು ಬಜಾರಿಗೆ ಬಂದದ್ದನ್ನು ಅವರಿಗೆ ಯಾರೋ ಹೇಳಿದ್ದರು. ಮನೆಗೆ ಊಟಕ್ಕೆ ಕರೆದೊಯ್ಯಲು ಬಂದಿದ್ದರು. "ಮುಗೀಲಿ, ಕುಂದರತೀನಿ," ಎಂದು ಲಾಲಸಾಬರ ಪಕ್ಕದಲ್ಲೇ ಕೂತರು.

"ಅಜ್ಜ, ನಿಮ್ಮ ಬಂಗಾರ ಎಲ್ಲಿಂದ ಬರುತ್ತೆ?" ಮೇಡಂ ಕೇಳಿದರು.

ಲಾಲಸಾಬರು ಬೀಗರ ಕಡೆ ನೋಡಲಿಲ್ಲ. ಕಿಸೆಯೊಳಗಿನ ಕೈ ಮುಷ್ಟಿಯಾದದ್ದು ನನಗೆ ಕಾಣಿಸಿತು.

"ನಮ್ಮ ಮಸ್ಕಿ ಗುಡ್ಡದಾಗಿಂದರೀ," ಅಂದರು.

ನಾನು ಬೇಕೆಂದೇ ಕೆಮ್ಮಿದೆ. ಆದರೆ ಅವರು ಶುರುವಾದಮೇಲೆ ನಿಲ್ಲಲಿಲ್ಲ. "ಮಳಿ ಹೊಡದ ಮ್ಯಾಲೆ ಗುಡ್ಡದ ನೀರು ಹಳ್ಳಕ್ಕ ಇಳಿತದ ನೋಡ್ರಿ, ಆ ಮರಳಾಗ ಇರತದ. ಬಿಸಲಾಗ ಕುಂತು ನೋಡಬೇಕು. ಎಲ್ಲಾರಿಗೂ ಕಾಣಂಗಿಲ್ಲ. ನಮ್ಮ ಮನಿತನದವರಿಗೆ ಕಾಣತದ. ನಮ್ಮಪ್ಪನ ಅಪ್ಪ ನಿಜಾಮರ ಕಾಲದಾಗ ಇದನ್ನ ಮಾಡಿದಾಂವ." ಎಷ್ಟು ಚಂದ ಹೇಳಿದರೆಂದರೆ, ಅವರು ಹೂಳು ತೊಳೆಯುವುದನ್ನು ಕಣ್ಣಾರೆ ಕಂಡ ನನಗೂ ಆ ಹಳ್ಳ, ಆ ಬಿಸಿಲು ಕಂಡಂತಾಯಿತು. ಮೌಲಾಸಾಬರು ತಲೆಯಾಡಿಸುತ್ತ ಕೇಳುತ್ತಿದ್ದರು.

"ಅಗೆಯೋಕೆ ಪರವಾನಗಿ ಇದೆಯಾ ಅಜ್ಜ?"

"ಹಳ್ಳದ ಮರಳಿಗೆ ಯಾರ ಪರವಾನಿಗಿ ರೀ?"

ಮೇಡಂ ಇನ್ನೊಮ್ಮೆ ಕೇಳಿದರು. ಅವರು ಇನ್ನೊಮ್ಮೆ ಅದನ್ನೇ ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನತ್ತ ತಿರುಗಿ ಒಂದು ನೋಟ ನೋಡಿದರು. ಆಮೇಲೆ ಬೀಗರ ಹಿಂದೆ ಊಟಕ್ಕೆ ಹೋದರು.

ಅವರು ಹೋದದ್ದೇ ನಾನೂ ಸೇಠರೂ ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಹಣೆ ಒತ್ತಿಕೊಂಡರು. "ಗಟಾರದ್ದು ಅಂದಿದ್ದರೆ ಏನೂ ತೊಂದರೆನೇ ಇರ್ತಿರಲಿಲ್ಲ. ಅಂಗಡಿ ಧೂಳಿನದು ಒಮ್ಮೆ ಬಳಸಿದ ಬಂಗಾರ, ಕಣ್ಣುಮುಚ್ಚಿ ತಗೋತೀವಿ. ಪರವಾನಗಿ ಇಲ್ಲದೆ ನೆಲದಿಂದ ತೆಗೆದದ್ದನ್ನ ಮಾತ್ರ ಮುಟ್ಟೋ ಹಾಗಿಲ್ಲ." ನಮ್ಮ ಮಾತು ಸಾಲದು, ಅವರೇ ಹೇಳಬೇಕು. ಗಟಾರದಲ್ಲಿ ಕೆಲಸ ಮಾಡುವುದರ ಫೋಟೋ ಬೇಕು. ಅದನ್ನು ಸೇಠರ ಅಂಗಡಿಯಲ್ಲಿ, ಬಂಗಾರ ಕೊಡುವ ಉಳಿದವರ ಫೋಟೋಗಳ ಜೊತೆ, ಕಾಣುವಂತೆ ಹಾಕಬೇಕು. ಎರಡು ದಿನ ಇಲ್ಲೇ ಇರುತ್ತೇನೆ, ಕರೆದುಕೊಂಡು ಬನ್ನಿ ಅಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಯಾವುದೋ ದೇಶದ ಜನ ಬಡಿಸಿಕೊಳ್ಳಬಾರದೆಂದು ಇಷ್ಟು ದೂರ ಬಂದು ಕೇಳುತ್ತಿದ್ದವರು.

ಸಂಜೆಯ ಬಸ್ಸಿನಲ್ಲಿ ಲಾಲಸಾಬರ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಮೊದಲು ಅವರಿಗೆ ನಗು ಬಂತು.

"ಹಂಗಂದ್ರ ಗಟಾರದ್ದು ಹಲಾಲ್, ಗುಡ್ಡದ್ದು ಹರಾಮ್. ಜಿಂದಗಿ ಎಲ್ಲಾ ಉಲ್ಟಾ ತಿಳಕೊಂಡಿದ್ದೆ ನೋಡು."

"ನಾಳೆ ಬಂದು ಒಂದ ಮಾತ ಅಂದಬಿಡ್ರಿ ಚಾಚಾ. ಇಲ್ಲಾಂದ್ರ ಸೇಠ ತಗೊಳಂಗಿಲ್ಲ. ಈ ಮೂರೂ ಊರಾಗ ಮತ್ಯಾರು ತಗೋತಾರ? ಊರು ಬಿಡಬೇಕಾಗತದ. ಶಮೀಮನ್ನ ಹೆಂಗ ನೋಡತೀರಿ?"

ಅವರು ತಲೆಯಲ್ಲಾಡಿಸಿದರು. "ಫೋಟೋ ಆ ಅಂಗಡಿ ಗ್ವಾಡಿಗೆ ಬೀಳತದ. ಬೀಗರ ಅಂಗಡಿ ಎದುರಿಗೆ ಅದ. ನನ್ನ ಮಗಳು ಆ ಮನಿಯಾಗ ತಲಿ ಎತ್ತಿ ಅಡ್ಡಾಡತಾಳೋ ಕಾಳಪ್ಪ. ನಾ ನೋಡದಿದ್ದರೂ ನಡೀತದ, ಅಕಿ ತಲಿ ತಗ್ಗಬಾರದು."

ನನ್ನ ಪುಡಿಯ ಜೊತೆ ಸೇರಿಸಿ ನಿಮ್ಮದನ್ನೂ ನಾನೇ ಕೊಡುತ್ತೇನೆ ಅಂದೆ. ಅದಕ್ಕೂ ಒಪ್ಪಲಿಲ್ಲ. "ನೀ ಖರೇ ಹೇಳಿ ಬಂದಾಂವ. ನನ್ನ ಸುಳ್ಳ ಅದರಾಗ ಕಲಸಬ್ಯಾಡ," ಅಂದರು. ಮಸ್ಕಿಯಲ್ಲಿ ಇಳಿದು, ತಿರುಗಿ ನೋಡದೆ ಕತ್ತಲಲ್ಲಿ ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮೇಡಂ ಹೊರಟುಹೋದರು. ಆ ಮಳೆಗಾಲ ಮುಗಿಯುವುದರೊಳಗೆ ಲಾಲಸಾಬರು ಸೋಲಾಪುರಕ್ಕೆ ಹೋದರು. ಅಲ್ಲಿ ಹೆಂಡತಿಯ ತವರಿನ ಕಡೆಯ ಜಲಗಾರರು ನಾಲ್ಕಾರು ಮನೆ ಇದ್ದಾರಂತೆ. ಬೀಗರಿಗೆ ವ್ಯಾಪಾರ ಬೆಳೆದಿದೆ ಎಂದು ಹೇಳಿ ಹೋದರು.

ಅವರಿಲ್ಲದೆ ನನ್ನ ಬೆಳಗು ಬೋಳಾಯಿತು. ಅಂಗಡಿ ತೆಗೆದು ನೀರು ಚಿಮುಕಿಸಿ ಕೂತರೆ ನನ್ನ ಜಿಪುಣತನ ಆಡಿಕೊಳ್ಳಲೂ ಯಾರಿಲ್ಲ. ಕಸ ಗುಡಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದೆ. ಒಮ್ಮೊಮ್ಮೆ ಫೋನು ಮಾಡುತ್ತಿದ್ದೆ. ಅಲ್ಲಿಯ ಗಟಾರಕ್ಕೆ ಮೇಲೆ ಕಲ್ಲು ಮುಚ್ಚಿದ್ದಾರೆ, ಎತ್ತಲಿಕ್ಕೆ ಮುದುಕನ ಕೈಲಿ ಆಗುವುದಿಲ್ಲ ಅನ್ನುತ್ತಿದ್ದರು. ಶಮೀಮ ಹೆಂಗದಾಳ ಎಂದು ನನ್ನನ್ನೇ ಕೇಳುತ್ತಿದ್ದರು.

ಶಮೀಮಳಿಗೆ ಹೆಣ್ಣು ಮಗುವಾಯಿತು. ಕೆಲವು ತಿಂಗಳಾದ ಮೇಲೆ ಮೌಲಾಸಾಬರು ಒಬ್ಬರೇ ನನ್ನ ಅಂಗಡಿ ಹುಡುಕಿಕೊಂಡು ಬಂದರು, ಮೊಮ್ಮಗಳಿಗೆ ಕಿವಿಯ ರಿಂಗು ಮಾಡಿಸಲು.

"ಲಿಂಗಸುಗೂರಾಗ ಪತ್ತಾರರು ಇಲ್ಲೇನ್ರಿ?" ಎಂದೆ.

"ಇದಾರ. ನಮ್ಮ ಸೊಸಿ ಇಲ್ಲೇ ಆಗಬೇಕು ಅಂದಳು. ನಮ್ಮ ಬೀಗರು ಕಸ ಗುಡಸ್ತಿದ್ದ ಅಂಗಡಿ ಇದ ಅಲ್ಲರೀ?"

ನನ್ನ ಕೈಯ ಇಕ್ಕಳ ಹಾಗೇ ನಿಂತಿತು. "ನಿಮಗ ಯಾವಾಗ ಗೊತ್ತಾತು?"

"ಹೆಣ್ಣು ತರೋ ಮೊದಲ ಗೊತ್ತು. ನಾಕ ಮಂದಿನ್ನ ಕೇಳಲಾರದ ಯಾರರ ಹೆಣ್ಣು ತರತಾರೇನ್ರಿ? ಜಲಗಾರರು, ನಿಯತ್ತಿನ ಮನುಷ್ಯ ಅಂತ ಹೇಳಿದರು. ಅಷ್ಟು ಸಾಕಾತು. ಅವರ ಬಾಯಿಲೆ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ."

"ಅವತ್ತು ಮೇಡಂ ಮುಂದ ಒಂದ ಮಾತ ಅನ್ನಬಹುದಿತ್ತಲ್ಲರೀ."

"ಅವರು ಅಷ್ಟು ಚಂದಾಗಿ ಹೇಳಾಕತ್ತಿದ್ದರು. ನಾಕ ಮಂದ್ಯಾಗ ಅವರ ಮಾತು ನಾ ಹೆಂಗ ಕಡೀಲಿ? ಅದರಿಂದ ಊರ ಬಿಡತಾರ ಅಂತ ನನಗೇನು ಗೊತ್ತು." ಹೋಗಲು ಎದ್ದು, "ನೀವ ಫೋನ್ ಹಚ್ಚಿ ಕರಿರಿ. ನಾ ಕರದರ ಮತ್ತ ವ್ಯಾಪಾರದ ಕತಿ ಹೇಳತಾರ," ಅಂದರು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಫೋನು ಮಾಡಿದೆ. ಖುಷಿಯಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಬೀಗರಿಗೆ ಮೊದಲೇ ಗೊತ್ತಿತ್ತು, ಶಮೀಮಳಿಗೆ ಯಾವ ಕುಂದೂ ಇಲ್ಲ, ಮೊಮ್ಮಗಳನ್ನು ಎತ್ತಿಕೊಳ್ಳಲು ಬನ್ನಿ ಚಾಚಾ ಅಂದೆ.

"ಅವತ್ತೂ ಗೊತ್ತಿತ್ತೇನು ಅವರಿಗೆ? ನಾ ಗುಡ್ಡ, ಹಳ್ಳ, ನಿಜಾಮ ಅಂತ ಹೇಳೋ ಮುಂದ?"

"ಗೊತ್ತಿತ್ತು ಚಾಚಾ."

"ನಕ್ಕರೇನು?"

"ಇಲ್ಲ. ತಲಿ ಆಡಿಸಿಕೋತ ಕೇಳಿದರು. ನೀವು ಚಂದಾಗಿ ಹೇಳಿದಿರಿ ಅಂದರು."

"ಸುಳ್ಳು ಅಂತ ಗೊತ್ತಿದ್ದೂ ನನ್ನ ಮಾನ ಕಾದವರ ಮಾರಿ ಹೆಂಗ ನೋಡಲಿ?" ಎಂದು ಕೇಳಿದರು ಲಾಲಸಾಬರು.

"ನಕ್ಕಿದ್ದರ ಬರತಿದ್ದೆ ಕಾಳಪ್ಪ," ಅಂದರು.