ಬಿಚ್ಚುವ ಮೊದಲು ಬರೆ

ಪುಂಜಾಲಕಟ್ಟೆಯಲ್ಲಿ ಪಂಪು ರಿಪೇರಿ ಮಾಡುವ ಭೋಜ ಓದಿದ್ದು ಏಳನೇ ಕ್ಲಾಸು. ಕಲಿಸುತ್ತಿದ್ದದ್ದೂ ಏಳನೇ ಕ್ಲಾಸಿಗೇ. ಪ್ರತಿ ಶನಿವಾರ ಒಂದು ಗಂಟೆ, ಸಂಬಳವಿಲ್ಲದೆ.

ಕರೆದವರು ಶಾಲೆಯ ಮಾಜಿದಾ ಟೀಚರ್. ಅವರ ಮನೆ ಬಾವಿಯ ಪಂಪು ನೀರೆತ್ತದೆ ಹೋದಾಗ ಭೋಜ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಕಾಗದ ಕೇಳಿದ್ದ. ಏನಾಗಬೇಕು, ಏನಾಗುತ್ತಿಲ್ಲ, ಯಾವ್ಯಾವ ಕಾರಣ ಇರಬಹುದು ಎಂದು ಬರೆದ; ಸುಲಭದ್ದನ್ನು ಮೊದಲು ಪರೀಕ್ಷಿಸಿದ. ನೀರಿನಡಿ ಪೈಪಿನ ತುದಿಯ ಫುಟ್‌ವಾಲ್ವಿಗೆ ಹಲಸಿನ ಎಲೆ ಸಿಕ್ಕಿಕೊಂಡಿತ್ತು, ಅಷ್ಟೇ.

"ಇದನ್ನೇ ಮಕ್ಕಳಿಗೆ ಹೇಳಿಕೊಡಿ ಭೋಜಣ್ಣ. ಪಂಪು ಬೇಡ, ಏನಾದರೂ ತೀರ್ಮಾನ ಮಾಡ್ಬೇಕಾದಾಗ ಹೇಗೆ ಯೋಚಿಸುವುದಂತ."

ಹೇಳಿಕೊಟ್ಟ. ಬಿಚ್ಚುವ ಮೊದಲು ಬರೆ ಎಂಬುದೇ ಪಾಠ. ಪ್ರವಾಸಕ್ಕೆ ಯಾವ ಊರು, ಆಟಕ್ಕೆ ಯಾವ ತಂಡ, ಎಲ್ಲಕ್ಕೂ ಮಕ್ಕಳು ಬರೆಯತೊಡಗಿದರು.

ಎಡವಟ್ಟಾದದ್ದು ಅದೇ ಕ್ಲಾಸಿನ ದೀಕ್ಷಾ ಬರೆದದ್ದರಿಂದ. ಎಂಟನೇ ಕ್ಲಾಸಿಗೆ ಅವಳನ್ನು ಮೂಡುಬಿದಿರೆಯ ಹಾಸ್ಟೆಲಿಗೆ ಹಾಕುವುದೆಂದು ಅಪ್ಪ ಕೇಶವಪ್ರಸಾದ ಭಟ್ಟರು ತೀರ್ಮಾನಿಸಿದ್ದರು. ಅವಳು ಊರಿನ ಹೈಸ್ಕೂಲಿಗೆ ತಾನೇ ಹೋಗಿ ಲ್ಯಾಬು, ಲೆಕ್ಕದ ಮೇಷ್ಟ್ರು ಎಲ್ಲ ವಿಚಾರಿಸಿ ಪುಟ ತುಂಬಿಸಿದ್ದಳು. ಮೂಡುಬಿದಿರೆಯ ಎದುರು ಒಂದೇ ಸಾಲು: 'ಅಪ್ಪ ಹೋಗಿ ನೋಡಿಲ್ಲ.'

ಆ ಪುಟ ಅಪ್ಪನ ಕಣ್ಣಿಗೆ ಬಿತ್ತು. ಭಟ್ಟರು ಶಾಲಾ ಸಮಿತಿಯ ಅಧ್ಯಕ್ಷರು ಬೇರೆ. ಸಭೆ ಕರೆದು, ಕ್ಷಮಾಪಣೆ ಪತ್ರಕ್ಕೆ ಭೋಜ ಸಹಿ ಹಾಕದಿದ್ದರೆ ಪಾಠ ಬಂದ್ ಎಂದರು.

"ಏಳನೇ ಕ್ಲಾಸಿನವ ನೀನು, ನನ್ನ ಮಗಳಿಗೆ ಎದುರು ಮಾತಾಡ್ಲಿಕ್ಕೆ ಕಲಿಸ್ತೀಯಾ?"

ಭೋಜನ ಕಿವಿ ಕೆಂಪಾಯಿತು. "ಅವಳು ಬರೆದದ್ದರಲ್ಲಿ ಸುಳ್ಳು ಎಲ್ಲಿ ಉಂಟು ಭಟ್ರೇ? ಒಂದು ಸಾಲು ತೋರಿಸಿ. ಈಗಲೇ ಸಹಿ ಹಾಕ್ತೇನೆ."

"ಎಲ್ಲರೂ ಅಲ್ಲಿಗೇ ಕಳಿಸುವುದು ಮಾರಾಯ!"

"ಅದು ಕಾರಣ ಅಲ್ಲ. ಪಂಪು ನಿಂತರೆ ಎಲ್ಲರೂ ಮೊದಲು ಮೋಟಾರೇ ಬಿಚ್ಚುವುದು. ಮತ್ತೆ ಬಿಚ್ಚಿದ್ದನ್ನು ಗೋಣಿಯಲ್ಲಿ ತುಂಬಿಸಿಕೊಂಡು ನನ್ನ ಹತ್ತಿರ ಬರುವುದು."

ಮಾಜಿದಾ ಟೀಚರ್ ಕೆಮ್ಮು ಬಂದವರಂತೆ ಶಾಲನ್ನು ಬಾಯಿಗೆ ಒತ್ತಿದರು.

ಸಹಿ ಬೀಳಲಿಲ್ಲ, ಶಾಲೆಯಲ್ಲಿ ಪಾಠ ನಿಂತಿತು. ಮುಂದಿನ ಶನಿವಾರ ಭೋಜ ಅಂಗಡಿಯ ಬಾಗಿಲಿಗೆ ಹಲಗೆ ತೂಗುಹಾಕಿದ: 'ಮಧ್ಯಾಹ್ನ ಮೇಲೆ ರಿಪೇರಿ ಇಲ್ಲ. ಪಾಠ ಉಂಟು.' ಶಾಲೆ ಬಿಟ್ಟ ಕೂಡಲೇ ಹನ್ನೊಂದು ಮಕ್ಕಳು ಬಂದು ಸಿಕ್ಕಸಿಕ್ಕಲ್ಲಿ ಕೂತರು. ಕೊನೆಗೆ ದೀಕ್ಷಾ ಬಂದಳು. ಅವಳ ಹಿಂದೆಯೇ ಸ್ಕೂಟರಿನಲ್ಲಿ ಭಟ್ಟರು.

"ಯಾರ ಅನುಮತಿ ಉಂಟು ಇದಕ್ಕೆ?"

"ಅಂಗಡಿ ನನ್ನದು. ಬೈಯುವುದಾದರೆ ಕಾರಣ ಬರೆದು ತನ್ನಿ ಭಟ್ರೇ. ಮಕ್ಕಳು ಒಂದೊಂದೇ ನೋಡ್ತಾರೆ."

ಭಟ್ಟರು ಸ್ಕೂಟರಿನಿಂದ ಇಳಿಯಲಿಲ್ಲ. ಹೋಗಲೂ ಇಲ್ಲ. ಭೋಜ ಪಾಠ ಶುರುಮಾಡಿದ.