ಪ್ಲಾಸ್ಟರ್ ಅಂಟಿಸಿದ ಲೋಟ

ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಕ್ಷಯರೋಗಿಗಳ ವಾರ್ಡಿನಲ್ಲಿ ನರ್ಸ್ ಕೆಲಸ ಮಾಡುವವಳು ನಾನು. ಕಳೆದ ವರ್ಷ ನಾನಾಗಿಯೇ ಕೇಳಿ, ಮುಂಗೈಗೆ ಸೂಜಿ ಚುಚ್ಚಿ ನೋಡುವ ಕ್ಷಯದ ಚರ್ಮ ಪರೀಕ್ಷೆ ಮಾಡಿಸಿಕೊಂಡೆ. ಮೂರನೆಯ ದಿನ ಮುಂಗೈ ಮೇಲಿನ ಊತವನ್ನು ಅಳೆದು, ಎಕ್ಸ್‌ರೇ ನೋಡಿದ ಡಾಕ್ಟರು, "ಕ್ರಿಮಿ ಒಳಗೆ ಮಲಗಿದೆ, ಅಷ್ಟೇ. ಕಾಯಿಲೆ ಇಲ್ಲ, ನಿಮ್ಮಿಂದ ಯಾರಿಗೂ ಹರಡಲ್ಲ. ಅದು ಏಳದ ಹಾಗೆ ಮಾತ್ರೆ ತಗೊಳ್ಳಿ" ಎಂದರು.

ಮರುದಿನದ ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ನರ್ಸ್‌ಗಳ ಕೋಣೆಯಲ್ಲಿ, ಒಂದೇ ಥರದ ಸ್ಟೀಲ್ ಲೋಟಗಳಲ್ಲಿ ನನ್ನದು ಮಾತ್ರ ಬಿಳಿ ಪ್ಲಾಸ್ಟರ್ ಅಂಟಿಸಿಕೊಂಡು ಬೇರೆಯಾಗಿ ಕಿಟಕಿಯ ಕಟ್ಟೆ ಮೇಲೆ ಕೂತಿತ್ತು.

"ಬೇಜಾರ್ ಮಾಡ್ಕೋಬೇಡ ಮಾರಾಯ್ತಿ, ಮನೇಲಿ ಮೊಮ್ಮಗು ಇದೆ" ಎಂದರು ಹಿರಿಯ ಸಿಸ್ಟರ್. ರೋಗಿಗಳ ಮನೆಯವರಿಗೆ "ತಟ್ಟೆ ಲೋಟ ಬೇರೆ ಇಡಬೇಡಿ, ಅದರಿಂದ ಹರಡಲ್ಲ" ಎಂದು ದಿನಾ ಬುದ್ಧಿ ಹೇಳುವ ಬಾಯಿ ಅದು!

ನನಗೆ ಮೈಯೆಲ್ಲ ಉರಿಯಿತು. ಪ್ಲಾಸ್ಟರ್ ಸುರುಳಿ ತಂದು ಅಲ್ಲಿದ್ದ ಅಷ್ಟೂ ಲೋಟಗಳಿಗೆ ಒಂದೊಂದು ತುಂಡು ಅಂಟಿಸಿದೆ. ನನ್ನದನ್ನೂ ಅವುಗಳ ಜೊತೆ ಸೇರಿಸಿ ಅದಲುಬದಲು ಮಾಡಿಬಿಟ್ಟೆ.

"ಏನೇ ಇದು?"

"ಇದೇ ವಾರ್ಡಿನ ಗಾಳೀಲಿ ಎಲ್ರೂ ಉಸಿರಾಡಿದ್ದೀವಿ, ಸಿಸ್ಟರ್. ನಾನು ಟೆಸ್ಟ್ ಮಾಡಿಸ್ಕೊಂಡೆ, ನೀವ್ಯಾರೂ ಮಾಡಿಸ್ಕೊಂಡಿಲ್ಲ. ಅಷ್ಟೇ ವ್ಯತ್ಯಾಸ."

ಟೀ ಫ್ಲಾಸ್ಕ್ ಬಂತು. ಯಾರೂ ಕೈ ಚಾಚಲಿಲ್ಲ. ನಾನು ಕೈಗೆ ಸಿಕ್ಕ ಲೋಟ ಎತ್ತಿಕೊಂಡು, ಟೀ ಬಗ್ಗಿಸಿ, ಅವರ ನಡುವೆಯೇ ಕೂತು ಕುಡಿದೆ. ಅದು ಯಾರ ಲೋಟವೋ, ನನಗೂ ಗೊತ್ತಿಲ್ಲ.